ನಾನು ಬಿಟ್ಟ ಪಾಠ

ಈ ಶಾಲೆಯಲ್ಲಿ ಇತಿಹಾಸ ಬೋಧಿಸುವಾಗ ನಾನು ಅರಬ್ ಸೇನಾಪತಿ ಸಾದ್ ಇಬ್ನ್ ಅಬಿ ವಕ್ಕಾಸರನ್ನು ಯುದ್ಧಗಳಲ್ಲೇ ಮುಗಿಸುತ್ತಿದ್ದೆ: ಕಾದಿಸಿಯಾದಲ್ಲಿ ಪರ್ಷಿಯನ್ನರ ಸೋಲು, ಕ್ರಿ.ಶ. 637ರಲ್ಲಿ ರಾಜಧಾನಿ ಟೆಸಿಫನ್ ವಶ, ಬಳಿಕ ಕೂಫಾ ನಗರದ ಸ್ಥಾಪನೆ. ಅವರು ಹದೀಸ್ ನಿರೂಪಕರೂ ಹೌದೆಂದು ಹೇಳಲಿಲ್ಲ.

ಒಮ್ಮೆ ಮೆಕ್ಕಾದಲ್ಲಿ ಕಾಯಿಲೆ ಬಿದ್ದ ಸಾದ್, ತಮಗೆ ಒಬ್ಬಳೇ ಮಗಳು, ಆಸ್ತಿಯಲ್ಲಿ ಮೂರನೇ ಎರಡು ಭಾಗ ದಾನ ಮಾಡಲೇ ಎಂದು ಪ್ರವಾದಿ ಮುಹಮ್ಮದರನ್ನು ಕೇಳಿದರು. ಪ್ರವಾದಿ ಬೇಡವೆಂದರು. ಅರ್ಧವೂ ಬೇಡ, ಮೂರನೇ ಒಂದು ಭಾಗವೇ ಹೆಚ್ಚು, ವಾರಸುದಾರರು ಪರರ ಮುಂದೆ ಕೈಚಾಚುವಂತಾಗಬಾರದು ಎಂದರು. ಚೇತರಿಸಿಕೊಂಡ ಸಾದ್ ಈ ಸಂಗತಿಯನ್ನು ತಾವೇ ನಿರೂಪಿಸಿದರು.

ಟೆಸಿಫನ್ ಇಂದು ಪಾಳುಬಿದ್ದಿದೆ. ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದಕ್ಕಿಂತ ಹೆಚ್ಚು ಆಸ್ತಿಗೆ ಉಯಿಲು ಬರೆಯುವಂತಿಲ್ಲ ಎಂಬ ನಿಯಮ ಮಾತ್ರ ನಮ್ಮ ದೇಶದ ಮುಸ್ಲಿಂ ಕಾನೂನಿನಲ್ಲೂ ಉಳಿದಿದೆ. ಇಸವಿಗಳನ್ನಷ್ಟೇ ಬಾಯಿಪಾಠ ಮಾಡಿದ ನನ್ನ ವಿದ್ಯಾರ್ಥಿಗಳಿಗೆ ಈ ಬಾಕಿ ಇಂದು ತೀರಿಸುತ್ತಿದ್ದೇನೆ.