ಟಿವಿ ಗೇಮಿನ ಕ್ಯಾಸೆಟ್ಟಿಗೆ ಮೂವತ್ತು ವರ್ಷದ ನಂತರದ ಅಂಕಪಟ್ಟಿ

ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ‘9999999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಕೋಟಿಗೆ ಒಂದೇ ಒಂದು ಆಟ ಕಡಿಮೆ. ಬೇಸಿಗೆ ರಜೆಯ ಮೊದಲ ದಿನ ಟಿವಿಯ ಹಿಂದಿನ ಆಂಟೆನಾ ತಂತಿ ಕಿತ್ತು, ಗೇಮಿನ ತಂತಿ ಚುಚ್ಚಿ, ಚಾನೆಲ್ ಗುಂಡಿಯನ್ನು ತಿರುಗಿಸಿ ತಿರುಗಿಸಿ ಚಿತ್ರ ಹಿಡಿದ ಮಕ್ಕಳಿಗೆ ಪಟ್ಟಿಯ ಎರಡನೇ ಪುಟಕ್ಕೆ ಹೋಗುವಷ್ಟರಲ್ಲಿ ಲೆಕ್ಕ ಗೊತ್ತಾಗಿಬಿಡುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ಒಂದೇ ಆಟ ಒಮ್ಮೆ ಮೊದಲ ಹಂತದಿಂದ, ಒಮ್ಮೆ ಐದನೇ ಹಂತದಿಂದ, ಒಮ್ಮೆ ಹೆಚ್ಚು ಜೀವಗಳೊಂದಿಗೆ ಹೆಸರು ಬದಲಿಸಿಕೊಂಡು ಬರುತ್ತಿತ್ತು.

ಮೋಸವೆಂದು ಯಾರೂ ಕ್ಯಾಸೆಟ್ಟನ್ನು ಎಸೆಯಲಿಲ್ಲ. ಆ ಹತ್ತಿಪ್ಪತ್ತು ಆಟಗಳನ್ನೇ ಬೆರಳ ತುದಿ ಗಟ್ಟಿಯಾಗುವವರೆಗೆ ಆಡಿದರು. ಹಾಗೆ ಆಡಿದವರಿಗೆ ಈಗ ನಲವತ್ತರ ಆಸುಪಾಸು. ಅವುಗಳನ್ನು ಇಂದು ಮತ್ತೆ ಆಡಿದರೆ ಯಾವುದು ನಿಲ್ಲುತ್ತದೆ, ಯಾವುದು ನೆನಪಿನ ಬಲದ ಮೇಲೆ ಮಾತ್ರ ನಿಂತಿದೆ ಎಂದು ಅಳೆಯಬಹುದು. ಅಳೆಯುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಕಾಲದ ನೂರಾರು ಆಟಗಳಲ್ಲಿ ಇವೇ ನಮ್ಮ ಪಾಲಿಗೆ ಬಂದದ್ದು ಹೇಗೆ?

ಆ ಟಿವಿ ಗೇಮ್ ಯಂತ್ರದ ತವರು ಜಪಾನಿನ ಕ್ಯೋಟೋ. 1889ರಲ್ಲಿ ಹೂವಿನ ಚಿತ್ರಗಳ ಹನಾಫುದ ಆಟದ ಎಲೆಗಳನ್ನು ಮಾಡುತ್ತ ಶುರುವಾದ ನಿಂಟೆಂಡೊ 1983ರ ಜುಲೈ 15ರಂದು ಕೆಂಪು–ಬಿಳಿ ಬಣ್ಣದ ‘ಫ್ಯಾಮಿಲಿ ಕಂಪ್ಯೂಟರ್’ ಅನ್ನು 14,800 ಯೆನ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಜಪಾನೀಯರ ಬಾಯಲ್ಲಿ ಅದು ಫ್ಯಾಮಿಕಾಮ್ ಆಯಿತು. ಅದರ ವಿನ್ಯಾಸದ ಹೊಣೆ ಹೊತ್ತವರು ಮಸಾಯುಕಿ ಉಎಮುರಾ. ಎಂಟು ಬಿಟ್ಟಿನ ಪ್ರೊಸೆಸರ್, ಕೆಲಸಕ್ಕೆ 2 ಕಿಲೋಬೈಟ್ ಮೆಮೊರಿ, ಅಡ್ಡಕ್ಕೆ 256 ಮತ್ತು ಉದ್ದಕ್ಕೆ 240 ಚುಕ್ಕಿಗಳ ಚಿತ್ರ, ಇಷ್ಟೇ ಅದರ ಬಂಡವಾಳ. ಒಂದೇ ಅಡ್ಡಗೆರೆಯ ಮೇಲೆ ಓಡಾಡುವ ತುಣುಕುಗಳನ್ನು ಎಂಟಕ್ಕಿಂತ ಹೆಚ್ಚು ತೋರಿಸಲು ಅದಕ್ಕೆ ಬಾರದು. ವೈರಿಗಳು ಗುಂಪಾಗಿ ಬಂದಾಗ ಪರದೆ ಮಿಣುಕುತ್ತಿದ್ದುದು ಅದಕ್ಕೇ. ಕೈಯಲ್ಲಿ ಹಿಡಿಯುವ ರಿಮೋಟಿನ ಎಡಕ್ಕಿರುವ, ಕೂಡುವ ಚಿಹ್ನೆಯಂಥ ಗುಂಡಿ ಗುನ್‌ಪೇ ಯೊಕೊಯಿ ಅವರ ಕೊಡುಗೆ. 1982ರ ಅಂಗೈಯಗಲದ ಡಾಂಕಿ ಕಾಂಗ್ ಆಟಿಕೆಗೆ ಮಾಡಿದ್ದು ಇಲ್ಲಿಗೂ ಬಂತು.

1985ರಲ್ಲಿ ಇದೇ ಯಂತ್ರ ಬೂದು ಪೆಟ್ಟಿಗೆಯಾಗಿ ಅಮೆರಿಕಕ್ಕೆ ಹೋದಾಗ ಕಂಪನಿ ಅದರೊಳಗೆ ಒಂದು ಬೀಗದ ಚಿಪ್ ಕೂರಿಸಿತು. ಒಪ್ಪಿಗೆಯಿಲ್ಲದ ಕ್ಯಾಸೆಟ್ ಓಡದಂತೆ ಅದು ತಡೆಯುತ್ತಿತ್ತು. ಜಪಾನಿನ ಮೂಲ ಯಂತ್ರಕ್ಕೆ ಆ ಬೀಗ ಇರಲಿಲ್ಲ. ನಮ್ಮ ಕಥೆ ಹೊಕ್ಕದ್ದು ಆ ತೆರೆದ ಬಾಗಿಲಿನಿಂದ. ತೈವಾನಿನ ಕಾರ್ಖಾನೆಗಳು ಫ್ಯಾಮಿಕಾಮಿನ ಎರಡು ಮುಖ್ಯ ಚಿಪ್ಪುಗಳನ್ನು ನಕಲು ಮಾಡಿದವು. ಕೆಲವೇ ವರ್ಷಗಳಲ್ಲಿ ಇಡೀ ಯಂತ್ರ ಒಂದೇ ಚಿಪ್ಪಿನೊಳಗೆ ಅಡಗಿತು. ರಷ್ಯಾದಲ್ಲಿ ಅದು ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್, ಚೀನಾದಲ್ಲಿ ಸುಬೋರ್. ಭಾರತದಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳು ಮೊದಲು ಕಂಡವು. ಆಮೇಲೆ ಹೆಸರೇ ಬೇಡವಾಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಚೆನ್ನೈನ ಬರ್ಮಾ ಬಜಾರಿನಲ್ಲಾಗಲಿ ‘ಟಿವಿ ಗೇಮ್’ ಎಂದರೆ ಸಾಕಿತ್ತು. ಹೊರಗೆ ಪ್ಲೇಸ್ಟೇಷನ್ನಿನ ರೂಪ, ಮುಚ್ಚಳ ತೆಗೆದರೆ ಒಳಗೆ ಅದೇ ಹಳೆಯ ಕ್ಯಾಸೆಟ್ಟಿನ ಸೀಳು ಇರುವ ‘ಪಾಲಿಸ್ಟೇಷನ್’ ಕೂಡ ಬಂತು.

ಇನ್ನು ಆಟಗಳ ಆಯ್ಕೆ. ಫ್ಯಾಮಿಕಾಮ್ ಯಾವ ಹೆಚ್ಚುವರಿ ಚಿಪ್ಪಿನ ನೆರವೂ ಇಲ್ಲದೆ ನೇರವಾಗಿ ಓದಬಲ್ಲ ಆಟದ ಗಾತ್ರ 40 ಕಿಲೋಬೈಟ್: 32 ಕಾರ್ಯಕ್ರಮಕ್ಕೆ, 8 ಚಿತ್ರಗಳಿಗೆ. ಇಂದಿನ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಇದರ ಹತ್ತಾರು ಪಟ್ಟು ದೊಡ್ಡದು. 1983ರಿಂದ 1985ರವರೆಗಿನ ಬಹುಪಾಲು ಆಟಗಳು ಈ ಮಿತಿಯೊಳಗೇ ಇದ್ದವು. ನಕಲು ಮಾಡುವವನಿಗೆ ಬೇಕಾದ್ದೂ ಅದೇ: ಸಣ್ಣ ಆಟಗಳಾದರೆ ಒಂದು ಅಗ್ಗದ ಚಿಪ್ಪಿನಲ್ಲಿ ಇಪ್ಪತ್ತೋ ಮೂವತ್ತೋ ಹಿಡಿಸುತ್ತವೆ. ಝೆಲ್ಡಾದಂಥ ಆಟಕ್ಕೆ 128 ಕಿಲೋಬೈಟ್ ಬೇಕು, ಆಡಿದಷ್ಟನ್ನು ನೆನಪಿಡಲು ಕ್ಯಾಸೆಟ್ಟಿನೊಳಗೆ ಬ್ಯಾಟರಿಯೂ ಬೇಕು. ಫೈನಲ್ ಫ್ಯಾಂಟಸಿಗೆ ಅದರ ಮೇಲೆ ಪುಟಗಟ್ಟಲೆ ಓದಬೇಕು, ಅದೂ ಜಪಾನಿ ಭಾಷೆಯಲ್ಲಿ. ಅಮೆರಿಕದ, ಜಪಾನಿನ ಮಕ್ಕಳು ಇಂದಿಗೂ ಎದೆಗೆ ಅವಚಿಕೊಳ್ಳುವ ಆ ದೊಡ್ಡ ಕಥೆಗಳ ಆಟಗಳು ನಮ್ಮ ಪಟ್ಟಿಗೆ ಬಾರದಿದ್ದುದು ಹೀಗೆ. ನಮ್ಮ ಬಾಲ್ಯದ ಆಟಗಳನ್ನು ಆರಿಸಿದ್ದು ಯಾವ ವಿಮರ್ಶಕನೂ ಅಲ್ಲ, ಚಿಪ್ಪಿನ ಅಳತೆ. ಆ ಆಯ್ಕೆ ಕೆಟ್ಟದ್ದಾಗಿರಲಿಲ್ಲ ಎಂಬುದು ಮತ್ತೆ ಆಡಿದಾಗ ತಿಳಿಯುತ್ತದೆ. ಕಥೆಗೂ ಮಾತಿಗೂ ಜಾಗವಿಲ್ಲದ ಆಟ, ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ಒಂದೇ ಸಂಗತಿಯ ಮೇಲೆ ನಿಲ್ಲಬೇಕು. ನಿಂತವು ಗಟ್ಟಿಯಾಗಿ ನಿಂತಿವೆ.

ಮೊದಲ ಸ್ಥಾನ ಮಾರಿಯೋಗೆ ಎಂದು ಓದುಗರು ಎಣಿಸಿರಬಹುದು. ಅಲ್ಲ, ಬ್ಯಾಟಲ್ ಸಿಟಿಗೆ. ಟ್ಯಾಂಕ್ ಗೇಮ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಕೊ ಕಂಪನಿ 1985ರಲ್ಲಿ ತಂದ ಈ ಆಟದ ಗಾತ್ರ 24 ಕಿಲೋಬೈಟ್. ಕೆಳಗೆ ನಡುವೆ ಹದ್ದಿನ ಚಿತ್ರದ ನೆಲೆ, ಸುತ್ತ ಇಟ್ಟಿಗೆ ಗೋಡೆ. ಪ್ರತಿ ಹಂತದಲ್ಲೂ ಮೇಲಿನಿಂದ ಇಳಿದು ಬರುವ 20 ವೈರಿ ಟ್ಯಾಂಕುಗಳು. ಒಟ್ಟು 35 ಹಂತ. ಇಟ್ಟಿಗೆ ಒಡೆಯುತ್ತದೆ, ಉಕ್ಕು ಸಾಮಾನ್ಯ ಗುಂಡಿಗೆ ಒಡೆಯದು, ನೀರು ದಾಟಲಾಗದು, ಮರದಡಿ ಅಡಗಬಹುದು, ಮಂಜುಗಡ್ಡೆಯ ಮೇಲೆ ಜಾರುತ್ತದೆ. ಈ ಐದು ವಸ್ತುಗಳಿಂದ 35 ಬಗೆಯ ಬಿಕ್ಕಟ್ಟು ಹುಟ್ಟಿಸಿದ ಜಾಣ್ಮೆ ಇಂದಿಗೂ ಮಾಸಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಇಬ್ಬರು ಒಟ್ಟಿಗೆ ಆಡಬಹುದು. ಒಬ್ಬ ನೆಲೆ ಕಾಯಬೇಕು, ಇನ್ನೊಬ್ಬ ಮುನ್ನುಗ್ಗಬೇಕು. ಅಕ್ಕ ತಮ್ಮನಿಗೆ ‘ನೀನು ಇಲ್ಲೇ ನಿಲ್ಲೋ, ಎಲ್ಲೂ ಹೋಗ್ಬೇಡ’ ಎಂದು ಕೂಗಿ ಹೇಳಿದ ಮೊದಲ ರಣತಂತ್ರ ಅದೇ ಇರಬೇಕು. ತಪ್ಪಿ ಜೊತೆಗಾರನಿಗೇ ಗುಂಡು ತಾಗಿದರೆ ಅವನು ಸಾಯುವುದಿಲ್ಲ, ಕೆಲ ಹೊತ್ತು ಅಲ್ಲಾಡದೆ ನಿಲ್ಲುತ್ತಾನೆ. ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು. ಕಪ್ಪು ಬಿಳುಪು ಟಿವಿ ಇದ್ದ ಮನೆಗಳಲ್ಲಿ ಹಳದಿ ಟ್ಯಾಂಕು, ಹಸಿರು ಟ್ಯಾಂಕು ಎರಡೂ ಬೂದು ಬಣ್ಣವೇ, ಆದರೂ ಆಟ ನಿಲ್ಲಲಿಲ್ಲ. ನಮ್ಮದೇ ಹಂತ ಕಟ್ಟುವ ಸೌಲಭ್ಯವೂ ಅದರಲ್ಲಿತ್ತು. ಕರೆಂಟು ಹೋದರೆ ಕಟ್ಟಿದ್ದೆಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಅಮೆರಿಕದ ಯಂತ್ರಕ್ಕೆ ಈ ಆಟ ಬರಲೇ ಇಲ್ಲ, ಹೀಗಾಗಿ ಅಲ್ಲಿನ ಶ್ರೇಷ್ಠ ಆಟಗಳ ಪಟ್ಟಿಗಳಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಅದನ್ನು ಮನೆಮಾತಾಗಿಸಿದ್ದು ನಕಲು ಯಂತ್ರಗಳು ತಲುಪಿದ ನಾಡುಗಳು. ಹತ್ತಕ್ಕೆ ಹತ್ತು.

ಸೂಪರ್ ಮಾರಿಯೋ ಬ್ರದರ್ಸ್‌ಗೆ ಒಂಬತ್ತು. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ರೂಪಿಸಿ, ಕೋಜಿ ಕೊಂಡೊ ಸಂಗೀತ ಕೊಟ್ಟ ಈ ಆಟ 1985ರ ಸೆಪ್ಟೆಂಬರ್ 13ರಂದು ಬಂತು. 40 ಕಿಲೋಬೈಟ್ ಮಿತಿಯನ್ನು ಕೊನೆಯ ಮೂಲೆಯವರೆಗೆ ಬಳಸಿದ ಆಟ; ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಮೊದಲ ಹಂತದ ಮೊದಲ ನಿಮಿಷವನ್ನು ಈಗ ಗಮನವಿಟ್ಟು ಆಡಿದರೆ ಒಳ್ಳೆಯ ಮೇಷ್ಟರ ಪಾಠ ಕೇಳಿದಂತಿರುತ್ತದೆ. ಮಾರಿಯೋ ಎಡಗಡೆ ನಿಂತು ಬಲಕ್ಕೆ ನೋಡುತ್ತಾನೆ. ಬಲಕ್ಕೆ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ಎದುರಿಗೆ ಬರುವ ಮೊದಲ ವೈರಿ ಹಾರಲು ಕಲಿಸುತ್ತದೆ. ಪೆಟ್ಟಿಗೆಯಿಂದ ಹೊರಬಿದ್ದ ಅಣಬೆ ಬಲಕ್ಕೆ ಜಾರಿ, ಕೊಳವೆಗೆ ಬಡಿದು, ತಿರುಗಿ ನಮ್ಮ ಕಡೆಗೇ ಬರುತ್ತದೆ. ಅದು ಒಳ್ಳೆಯದೆಂದು ಗೊತ್ತಿಲ್ಲದವನಿಗೂ ತಾಗಿ ಅವನನ್ನು ದೊಡ್ಡವನನ್ನಾಗಿ ಮಾಡುತ್ತದೆ. ಒಂದು ಅಕ್ಷರವೂ ಇಲ್ಲದ ಈ ಪಾಠವನ್ನು ಕನ್ನಡ ಶಾಲೆಯ ಮಕ್ಕಳು ಕ್ಯೋಟೋದ ಮಕ್ಕಳಷ್ಟೇ ಚೆನ್ನಾಗಿ ಕಲಿತರು. ಒಂದು ಅಂಕ ಕಡಿಮೆಯಾದದ್ದು ಒಂದೇ ಕಾರಣಕ್ಕೆ. ಇಬ್ಬರ ಆಟದಲ್ಲಿ ಮಾರಿಯೋ ಸಾಯುವವರೆಗೆ ಲುಯಿಜಿ ಕಾಯಬೇಕು. ಒಂದು ಟಿವಿಗೆ ಐದು ಮಕ್ಕಳಿದ್ದ ಮನೆಯಲ್ಲಿ ಅದು ದೊಡ್ಡ ಕೊರತೆ.

ಕಾಂಟ್ರಾ ನಮ್ಮ ಪಟ್ಟಿಯ ಅಪವಾದ. ಕೊನಾಮಿ 1988ರಲ್ಲಿ ಮನೆಯ ಯಂತ್ರಕ್ಕೆ ತಂದ ಈ ಆಟ 128 ಕಿಲೋಬೈಟಿನದು, ಸಣ್ಣವರ ಸಾಲಿನಲ್ಲಿ ದೊಡ್ಡಣ್ಣ. ಒಂದೇ ಗುಂಡಿಗೆ ಸಾವು, ಜೀವ ಮೂರೇ. ಬಹುಮಾನದ ಬಂದೂಕುಗಳಲ್ಲಿ ‘ಎಸ್’ ಸಿಕ್ಕವನು ರಾಜ. ಮೂರನೇ ಹಂತದ ಜಲಪಾತ ಹತ್ತುವಾಗ ಮುಂದಿದ್ದವನು ಅವಸರ ಮಾಡಿದರೆ ಪರದೆ ಮೇಲೇರಿ ಹಿಂದಿದ್ದವನು ಸಾಯುತ್ತಿದ್ದ. ಜೊತೆಗಾರಿಕೆಯನ್ನು ಇಷ್ಟು ಕಠಿಣವಾಗಿ ಕಲಿಸಿದ ಆಟ ಇನ್ನೊಂದಿಲ್ಲ. ಎಂಟೂ ಹಂತಗಳಲ್ಲಿ ಸಡಿಲವಾದ ಒಂದು ಗಳಿಗೆಯಿಲ್ಲ. ಒಂಬತ್ತು.

ಮೂರು ಜೀವವನ್ನು ಮೂವತ್ತು ಮಾಡುವ ಗುಟ್ಟಿನದು ಬೇರೆಯೇ ಕಥೆ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುತ್ತಿದ್ದ ಕಝುಹಿಸಾ ಹಶಿಮೊಟೊ, ಪರೀಕ್ಷಿಸಲು ತಮಗೇ ಕಷ್ಟವಾಗುತ್ತದೆಂದು ಬರೆದಿಟ್ಟ ಸರಣಿ ಅದು, ಆಮೇಲೆ ಕಾಂಟ್ರಾಕ್ಕೂ ಬಂತು. ಆಟದ ಬಗ್ಗೆ ತಿಳಿಯುವ ದಾರಿಗಳೂ ಎಲ್ಲ ಕಡೆ ಒಂದೇ ಇರಲಿಲ್ಲ. ಜಪಾನಿನ ಮಕ್ಕಳಿಗೆ ಆಟದ ಜೊತೆ ಕೈಪಿಡಿ ಬರುತ್ತಿತ್ತು. 1986ರಲ್ಲಿ ಶುರುವಾದ, ಇಂದು ಫಮಿಟ್ಸು ಎಂದು ಕರೆಯುವ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ಒಟ್ಟು ನಲವತ್ತಕ್ಕೆ ಅಂಕ ಕೊಡುತ್ತಿದ್ದರು. ನಮ್ಮ ಮಕ್ಕಳಿಗೆ ಕೈಪಿಡಿಯೂ ಇಲ್ಲ, ಪತ್ರಿಕೆಯೂ ಇಲ್ಲ. ಬಂದದ್ದೆಲ್ಲ ಬಾಯಿಂದ ಬಾಯಿಗೆ, ಓಣಿಯಿಂದ ಓಣಿಗೆ. ಕೆಲವು ಗುಟ್ಟು ತಲುಪಲೇ ಇಲ್ಲ. ಮಾರಿಯೋದಲ್ಲಿ ಆಟ ಮುಗಿದ ಮೇಲೆ ‘ಎ’ ಗುಂಡಿ ಹಿಡಿದು ಸ್ಟಾರ್ಟ್ ಒತ್ತಿದರೆ ಸೋತ ಲೋಕದ ಮೊದಲಿನಿಂದಲೇ ಮುಂದುವರಿಯಬಹುದಿತ್ತು. ಅದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಪ್ರತಿ ಸಲವೂ ಒಂದನೇ ಲೋಕದಿಂದ ಹೊರಟರು.

ಉಳಿದವುಗಳ ಲೆಕ್ಕ ಬೇಗ ಮುಗಿಯುತ್ತದೆ. ಎಕ್ಸೈಟ್‌ಬೈಕ್‌ನಲ್ಲಿ ಇಂಜಿನ್ ಕಾದಷ್ಟೂ ವೇಗ, ಹೆಚ್ಚು ಕಾದರೆ ಬೈಕೇ ನಿಲ್ಲುತ್ತದೆ. ಈ ತೂಕ ಇಂದಿಗೂ ರುಚಿ ಕೆಡದೆ ಉಳಿದಿದೆ, ಎಂಟು. ಸರ್ಕಸ್ ಚಾರ್ಲಿಯ ಸಿಂಹ ಬೆಂಕಿಯ ಬಳೆ ಹಾರುವುದು ಸರಳ, ಸ್ವಚ್ಛ, ಏಳು. ಅಡ್ವೆಂಚರ್ ಐಲ್ಯಾಂಡ್ ಹಣ್ಣು ತಿನ್ನುತ್ತ ಓಡುವ ಚೆಂದದ ಆಟವಾದರೂ ಹಂತಗಳು ಒಂದನ್ನೊಂದು ಹೋಲುತ್ತವೆ, ಆರು. ರೋಡ್ ಫೈಟರ್ ಗಂಟೆಗೆ 400 ಕಿ.ಮೀ. ತಲುಪಿದಾಗಿನ ಎದೆಬಡಿತಕ್ಕೆ ಆರು. ಐಸ್ ಕ್ಲೈಂಬರ್‌ನ ನೆನಪು ಮಾತ್ರ ಸಿಹಿ. ನೇರ ಮೇಲಕ್ಕೆ ಚಿಮ್ಮುವ ಆಟದ ಹುಡುಗ ಪಕ್ಕಕ್ಕೆ ಸರಿಯಲು ಒಲ್ಲ, ಮತ್ತೆ ಆಡುವುದು ಬೇಸರದ ಕೆಲಸ. ನಾಲ್ಕು.

ಮತ್ತೆ ಆಡುವವರು ಗಮನಿಸಬೇಕಾದ ಸಂಗತಿ ಒಂದಿದೆ. ಜಪಾನಿನ ಟಿವಿ ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತಿತ್ತು, ನಮ್ಮ ಪಾಲ್ ಪದ್ಧತಿಯ ಟಿವಿ 50 ಬಾರಿ. ಪಾಲ್‌ಗೆ ಹೊಂದಿಸಿದ ನಕಲು ಯಂತ್ರಗಳಲ್ಲಿ ಆಟ ಮೂಲ ವೇಗದ ಆರರಲ್ಲಿ ಐದು ಪಾಲಿನಷ್ಟೇ ಓಡುತ್ತಿತ್ತು, ಹಾಡಿನ ಲಯವೂ ಅಷ್ಟೇ ನಿಧಾನ. ಇಂದು ಕಂಪ್ಯೂಟರಿನಲ್ಲಿ ಮೂಲ ವೇಗದ ಮಾರಿಯೋ ಆಡಿ ‘ಬೆರಳು ಮೊದಲಿನಂತಿಲ್ಲ’ ಎಂದು ಕೊರಗುವವರು ಕೊರಗಬೇಕಿಲ್ಲ. ಆಟವೇ ಆಗ ನಿಧಾನವಾಗಿತ್ತು.

ನಿಂಟೆಂಡೊ 2016ರಲ್ಲಿ ಅಮೆರಿಕಕ್ಕೆಂದು 30 ಹಳೆಯ ಆಟಗಳ ಪುಟ್ಟ ಯಂತ್ರವೊಂದನ್ನು ತಂದಿತು. ಅದರಲ್ಲಿ ಮಾರಿಯೋ, ಎಕ್ಸೈಟ್‌ಬೈಕ್, ಐಸ್ ಕ್ಲೈಂಬರ್ ಇವೆ. ಬ್ಯಾಟಲ್ ಸಿಟಿ ಇಲ್ಲ, ಅಡ್ವೆಂಚರ್ ಐಲ್ಯಾಂಡ್ ಇಲ್ಲ. ಕಾಂಟ್ರಾದ ಮುಂದಿನ ಭಾಗವಿದೆ, ಮೊದಲಿನದಿಲ್ಲ. ಟಿವಿಗೆ ಬಂದೂಕು ಗುರಿಯಿಟ್ಟು ಬಾತುಕೋಳಿ ಹೊಡೆಯುವ ಡಕ್ ಹಂಟ್ ಕೂಡ ಇಲ್ಲ. ಡಕ್ ಹಂಟ್‌ನ ತೊಡಕು ಇನ್ನೂ ಆಳದ್ದು. ಬಂದೂಕಿನ ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗ ಬಿಳಿ ಚೌಕವಾಗುತ್ತದೆ. ನಳಿಗೆಯೊಳಗಿನ ಬೆಳಕು ಗ್ರಾಹಕ ಆ ಬಿಳುಪನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ದಪ್ಪ ಗಾಜಿನ ಪಿಕ್ಚರ್ ಟ್ಯೂಬ್ ಆ ಬೆಳಕನ್ನು ತಕ್ಷಣ ಬರೆಯುತ್ತಿತ್ತು. ಇಂದಿನ ಚಪ್ಪಟೆ ಟಿವಿ ಅಷ್ಟು ಚುರುಕಾಗಿ ಬರೆಯುವುದಿಲ್ಲ, ಬಂದೂಕಿಗೆ ಏನೂ ಕಾಣುವುದಿಲ್ಲ. ಆಟವಾಗಿ ಅದಕ್ಕೆ ಆರು ಅಂಕ ಸಾಕು. ಮನೆಮಂದಿಯೆಲ್ಲ ಸರದಿ ಕೇಳಿದ ಒಂದೇ ಆಟವೆಂಬುದಕ್ಕೆ ಇನ್ನೊಂದು ಸೇರಿಸಿ ಏಳು.

ಫ್ಯಾಮಿಕಾಮಿನ ತಯಾರಿಕೆ 2003ರಲ್ಲಿ ನಿಂತಿತು. ಕಂಪನಿ ಬಿಟ್ಟ ಮೇಲೆ ಉಎಮುರಾ ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಆಟಗಳ ಅಧ್ಯಯನ ಕೇಂದ್ರವನ್ನು ಮುನ್ನಡೆಸಿ, 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಯಂತ್ರದ ನಕಲುಗಳು ನಮ್ಮ ಅಟ್ಟಗಳ ಮೇಲೆ ಇನ್ನೂ ಇವೆ. ಇದ್ದವರು ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿಗೆ ಬಾಯಿಂದ ಊದಬೇಡಿ. ಎಂಜಲಿನ ತೇವಕ್ಕೆ ತಾಮ್ರದ ತುದಿಗಳು ಕಿಲುಬು ಹಿಡಿಯುತ್ತವೆ. ಹತ್ತಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿಸಿ, ಹಾಕಿ ನೋಡಿ. ಹಳೆಯ ಡಬ್ಬಿ ಟಿವಿಯೂ ಉಳಿದಿದ್ದರೆ ಅದನ್ನೂ ಇಟ್ಟುಕೊಳ್ಳಿ, ಬಂದೂಕಿಗೆ ಅದು ಬೇಕು.