ದೇಹದ ಭಾರ ಮತ್ತು ಮನಸ್ಸಿನ ಮಾತು: ಒಂದು ಚಾರಿತ್ರಿಕ ವಿವೇಚನೆ

ಯಲಹಂಕ ಉಪನಗರಕ್ಕೆ ಸೇರಿಕೊಂಡಂತಿರುವ ಅಟ್ಟೂರಿನ ಕೆರೆಯ ಬಳಿ ಮುಂಜಾನೆ ಹೊತ್ತು ಸಂಚರಿಸುವವರ ಸಂಭಾಷಣೆಯನ್ನು ಕೇಳಿದವರಿಗೆ ಒಂದು ಅಂಶ ಮನವರಿಕೆಯಾಗದೆ ಇರದು. ಅವರಲ್ಲಿ ಬಹುಮಂದಿ ತೂಕ ಇಳಿಸಬೇಕೆಂದು ಬಂದವರು. ಆದರೆ ಅವರು ಆಡುವ ಮಾತಿನಲ್ಲಿ ಅನ್ನ, ನಡಿಗೆಗಳ ಲೆಕ್ಕಕ್ಕಿಂತ ತಮ್ಮನ್ನು ತಾವೇ ಹಳಿದುಕೊಳ್ಳುವುದು ಹೆಚ್ಚು. "ನನಗೆ ಮನಸ್ಸು ಗಟ್ಟಿಯಿಲ್ಲ", "ನನ್ನ ಬಾಯಿಗೆ ಕಡಿವಾಣವಿಲ್ಲ", "ಬರುವ ಸೋಮವಾರದಿಂದ ನೋಡು". ಈ ಆತ್ಮಭಾಷಣದಿಂದ ದೇಹ ಕರಗುವುದೇ ಎಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದುದಲ್ಲ; ಇದಕ್ಕೊಂದು ಚರಿತ್ರೆಯೂ ಉಂಟು. ಅದರ ಕೆಲವು ಘಟ್ಟಗಳನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮಗೆ ದೊರೆತಿರುವ ಪ್ರಾಚೀನ ನಿದರ್ಶನಗಳಲ್ಲಿ ಅತ್ಯಂತ ಸ್ವಾರಸ್ಯವಾದುದು ಪಾಲಿ ಸಂಯುತ್ತನಿಕಾಯದಲ್ಲಿದೆ. ಕೋಸಲದ ಅರಸನಾದ ಪಸೇನದಿಯು ಒಂದು ದ್ರೋಣದಷ್ಟು ಅಕ್ಕಿಯ ಅನ್ನವನ್ನು ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನು. ಎಚ್ಚರದಿಂದ ಮಿತವನ್ನರಿತು ಉಣ್ಣುವವನ ಬಾಧೆಗಳು ತೆಳುವಾಗುವುವು, ಅವನಿಗೆ ಮುಪ್ಪು ಮೆಲ್ಲನೆ ಬರುವುದು ಎಂಬರ್ಥದ ಗಾಥೆಯೊಂದನ್ನು ಬುದ್ಧನು ನುಡಿದನು. ಅರಸನು ಅದನ್ನು ತಾನು ಕಂಠಪಾಠ ಮಾಡಲಿಲ್ಲ! ಹಿಂದೆ ನಿಂತಿದ್ದ ಸುದಸ್ಸನನೆಂಬ ಮಾಣವಕನಿಗೆ ದಿನಕ್ಕೆ ನೂರು ಕಹಾಪಣ ಕೊಡುವುದಾಗಿ ಹೇಳಿ, ತಾನು ಉಣ್ಣುವ ಹೊತ್ತಿಗೆ ಅದನ್ನು ಪಠಿಸುವಂತೆ ನಿಯಮಿಸಿದನು. ಧಮ್ಮಪದದ ಅಟ್ಠಕಥೆಯು ಈ ವೃತ್ತಾಂತವನ್ನು ಇನ್ನಷ್ಟು ಬೆಳೆಸುವುದು: ಅರಸನು ಕೊನೆಯ ತುತ್ತನ್ನು ಎತ್ತಿದಾಗ ಗಾಥೆಯನ್ನು ಹೇಳಬೇಕು; ಅವನು ಆ ತುತ್ತನ್ನು ಬಿಡಬೇಕು; ಮರುದಿನ ಅಷ್ಟು ಅಕ್ಕಿಯನ್ನು ಕಡಮೆ ಮಾಡಿ ಅನ್ನವಿಡಬೇಕು. ಕ್ರಮೇಣ ಅರಸನು ಒಂದು ನಾಳಿಯ ಅಕ್ಕಿಗೆ ಇಳಿದು, ಮೈ ಹಗುರವಾಗಿ, ತನ್ನ ಅಂಗಾಂಗಗಳನ್ನು ತಾನೇ ತಡವಿ ಸಂತೋಷಪಟ್ಟನಂತೆ.

ಇಲ್ಲಿ ಮಾತು ಒಂಟಿಯಾಗಿಲ್ಲ. ಅದಕ್ಕೆ ಹೊತ್ತು ಗೊತ್ತಾಗಿದೆ, ಅಳತೆ ಜತೆಗೂಡಿದೆ, ಇಳಿಕೆ ತುತ್ತು ತುತ್ತಾಗಿ ಸಾಗಿದೆ. ಮುಖ್ಯವಾಗಿ, ಆ ಗಾಥೆಯಲ್ಲಿ ನಿಂದೆಯ ಒಂದು ಅಕ್ಷರವೂ ಇಲ್ಲ.

ಆಯುರ್ವೇದದ ದೃಷ್ಟಿ ಇದಕ್ಕಿಂತ ಭಿನ್ನ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲತೆಗೆ ಅತಿಭೋಜನ, ಹಗಲುನಿದ್ರೆ, ವ್ಯಾಯಾಮದ ಅಭಾವ ಮುಂತಾದ ಕಾರಣಗಳನ್ನು ಹೇಳುತ್ತ, ಸದಾ ಹರ್ಷದಿಂದಿರುವುದನ್ನೂ ಚಿಂತೆಯಿಲ್ಲದಿರುವುದನ್ನೂ ಅವುಗಳೊಡನೆ ಎಣಿಸುವುದು. ಸ್ಥೌಲ್ಯವನ್ನು ನೀಗಬೇಕೆನ್ನುವವನು ಜಾಗರಣೆ, ವ್ಯಾಯಾಮಾದಿಗಳ ಜತೆಗೆ ಚಿಂತನೆಯನ್ನೂ ಕ್ರಮವಾಗಿ ಹೆಚ್ಚಿಸಿಕೊಳ್ಳಬೇಕೆಂಬುದು ಅಲ್ಲಿಯ ವಿಧಿ. ಮನಸ್ಸಿನ ಸ್ಥಿತಿಯನ್ನು ಕಾರಣದಲ್ಲಿಯೂ ಚಿಕಿತ್ಸೆಯಲ್ಲಿಯೂ ಒಪ್ಪಿಕೊಂಡುದು ಗಮನಾರ್ಹ. ಜಾಗರಣೆಯ ಸಲಹೆಯನ್ನು ಮಾತ್ರ ಇಂದು ಯಾರೂ ಅನುಸರಿಸದಿರುವುದು ಲೇಸು; ನಿದ್ರೆ ಕೆಟ್ಟರೆ ಹಸಿವು ಹೆಚ್ಚುವುದೆಂದು ಈಚಿನ ಪ್ರಯೋಗಗಳು ತೋರಿಸಿವೆ. ಆದರೆ ಅದೇ ಅಧ್ಯಾಯವು ಬೀಜಸ್ವಭಾವವನ್ನೂ, ಎಂದರೆ ಹುಟ್ಟಿನಿಂದ ಬಂದುದನ್ನೂ, ಕಾರಣವೆಂದು ಹೇಳಿದೆ. ಎಲ್ಲ ಹೊಣೆಯನ್ನೂ ಮನಸ್ಸಿನ ಮೇಲೆ ಹೊರಿಸುವ ಇಂದಿನ ಉಪದೇಶಕರು ಈ ಮಾತನ್ನು ಮರೆತಂತಿದೆ.

ಕನ್ನಡದಲ್ಲಿಯಾದರೋ ತನ್ನೊಡನೆ ತಾನು ಮಾತಾಡುವ ಸಂಪ್ರದಾಯ ಬಹು ಸಮೃದ್ಧವಾದುದು. ಅಕ್ಕಮಹಾದೇವಿಯು ಹಸಿವು, ತೃಷೆ, ನಿದ್ರೆಗಳನ್ನು ಒಂದೊಂದಾಗಿ ಸಂಬೋಧಿಸಿ, ಅವಸರದ ಕೆಲಸಕ್ಕೆ ಹೊರಟವಳು ದಾರಿಗಡ್ಡ ಬಂದವರನ್ನು ತಡೆಯುವಂತೆ, ನಿಲ್ಲಿರೆಂದು ಆಜ್ಞಾಪಿಸುವಳು. ಪುರಂದರದಾಸರು ನಾಲಗೆಯನ್ನೇ ಎದುರಿಗೆ ನಿಲ್ಲಿಸಿಕೊಂಡು ಗದರಿಸುವರು. 1943ರಲ್ಲಿ ಪ್ರಕಟವಾದ ಕಗ್ಗದಲ್ಲಿ ಡಿ.ವಿ.ಜಿ.ಯವರು ಮಂಕುತಿಮ್ಮನೆಂಬ ಹೆಸರಿಟ್ಟು ಕರೆದು ಬುದ್ಧಿ ಹೇಳುವರು. ಇವರಾರಿಗೂ ತೂಕದ ಚಿಂತೆಯಿರಲಿಲ್ಲ. ಅವರ ಗುರಿಯೇ ಬೇರೆ. ಅನುಭಾವದ ಕಠೋರ ನುಡಿಯನ್ನು ಸೊಂಟದ ಸುತ್ತಳತೆಗೆ ಅನ್ವಯಿಸುವುದು ಸಾಹಿತ್ಯಕ್ಕೂ ಶರೀರಕ್ಕೂ ಮಾಡುವ ಅನ್ಯಾಯವೆಂದು ನಮ್ಮ ಅಭಿಪ್ರಾಯ.

ಅನುಭಾವದಿಂದ ಅಂಗಸಾಧನೆಗೆ ಈ ಮಾತು ಹೊರಳಿದುದನ್ನು ಬೆಂಗಳೂರಿನಲ್ಲಿಯೇ ಕಾಣಬಹುದು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿದವರು. ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದವರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್' ಎಂಬ ಇಂಗ್ಲಿಷ್ ಗ್ರಂಥಗಳನ್ನು ಅವರು ಹೊರತಂದರು. ಆ ಕಾಲದ ಅಂಗಸಾಧಕರ ಮೇಲೆ ಯೂಜೀನ್ ಸ್ಯಾಂಡೋನ ಪ್ರಭಾವ ದೊಡ್ಡದು. ಹಗುರವಾದ ಡಂಬೆಲ್ಲನ್ನು ಹಿಡಿದಾಗಲೂ ದುಡಿಯುವ ಮಾಂಸಖಂಡದಲ್ಲಿ ಚಿತ್ತವನ್ನು ನೆಲೆಗೊಳಿಸಬೇಕೆಂಬುದು ಅವನ ಬೋಧೆ. ಅಂಚೆಯಲ್ಲಿ ಕಲಿಯುವ ಶಿಷ್ಯನ ಪಕ್ಕದಲ್ಲಿ ಗುರುವಿಲ್ಲ. ಕಾಗದದಲ್ಲಿ ಬಂದ ಗುರುವಿನ ಮಾತನ್ನು ಅವನು ಕನ್ನಡಿಯ ಮುಂದೆ ತನಗೆ ತಾನೇ ಹೇಳಿಕೊಳ್ಳಬೇಕು. ಸುದಸ್ಸನನ ಸ್ಥಾನ ಹೀಗೆ ಶಿಷ್ಯನ ಒಳಗೇ ಬಂದಿತೆನ್ನಬಹುದು.

ಅದೇ ಸುಮಾರಿಗೆ ಫ್ರಾನ್ಸಿನ ನಾನ್ಸಿ ನಗರದ ಎಮಿಲ್ ಕೂಯೆ (1857–1926) ಎಂಬ ಔಷಧ ವ್ಯಾಪಾರಿಯು, ತಾನು ದಿನದಿನವೂ ಉತ್ತಮವಾಗುತ್ತಿರುವೆನೆಂದು ಬೆಳಗ್ಗೆ, ರಾತ್ರಿ ಇಪ್ಪತ್ತು ಸಲ ಹೇಳಿಕೊಳ್ಳುವಂತೆಯೂ, ಎಣಿಕೆಗೆ ಇಪ್ಪತ್ತು ಗಂಟಿನ ದಾರವನ್ನು ಹಿಡಿಯುವಂತೆಯೂ ಜನರಿಗೆ ಕಲಿಸಿದನು. ಜಪಸರವನ್ನು ಬಲ್ಲ ನಮಗೆ ಇದು ಹೊಸತಾಗಿ ತೋರದು.

ಪ್ರಯೋಗಶಾಲೆಯ ಸಾಕ್ಷ್ಯ ಬಂದುದು ಆ ಬಳಿಕ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ, ಆಹಾರನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಮೊದಲು ಸಿಹಿಹಾಲನ್ನು ಕುಡಿದಾಗ, ಆಮೇಲೆ ಐಸ್‌ಕ್ರೀಮನ್ನು ಕಡಮೆ ತಿನ್ನುವುದರ ಬದಲು ಹೆಚ್ಚಾಗಿ ತಿಂದರು. ವ್ರತ ಕೆಟ್ಟಿತು, ಇನ್ನೇನು ಎಂಬ ಒಳಮಾತಿನ ಫಲವಿದು. 2007ರಲ್ಲಿ ಆಡಮ್ಸ್ ಮತ್ತು ಲಿಯರಿ ಎಂಬವರು, ಇಂಥ ಸ್ತ್ರೀಯರಿಗೆ ಸಿಹಿತಿಂಡಿ ಕೊಟ್ಟ ಬಳಿಕ, ತಮ್ಮ ಬಗೆಗೆ ಕಠಿನರಾಗಬೇಡಿರೆಂದು ಕೆಲವರಿಗೆ ಸೂಚಿಸಿದರು. ಆ ಮಾತನ್ನು ಕೇಳಿದವರು ಮುಂದೆ ತಿಂದುದು ಕಡಮೆ. ಪಾಲಿ ಗಾಥೆಯಲ್ಲಿ ನಿಂದೆಯಿಲ್ಲದಿರುವುದು ಆಕಸ್ಮಿಕವಲ್ಲವೆಂದು ಇದರಿಂದ ತೋರುವುದು.

ಆದರೂ ಮಾತಿಗೆ ಮಿತಿಯುಂಟು. 2021ರಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಅನುಮತಿ ಪಡೆದ ಸೆಮಗ್ಲುಟೈಡ್ ಎಂಬ ಔಷಧವನ್ನು ತೆಗೆದುಕೊಂಡವರಲ್ಲಿ ಹಲವರು, ತಮ್ಮೊಳಗೆ ಹಗಲಿರುಳೂ ನಡೆಯುತ್ತಿದ್ದ ಊಟದ ಗುಂಗು ಒಮ್ಮೆಗೇ ನಿಂತಿತೆಂದು ಹೇಳಿದ್ದಾರೆ. ಚುಚ್ಚುಮದ್ದೊಂದು ಅದನ್ನು ನಿಲ್ಲಿಸಬಲ್ಲುದಾದರೆ, ಕೆರೆಯ ಬಳಿ ನಡೆಯುವವರು ಮನಸ್ಸಿನ ದೌರ್ಬಲ್ಯವೆಂದು ಕರೆದುಕೊಳ್ಳುವ ಆ ಗುಂಗಿನಲ್ಲಿ ಶರೀರದ ಪಾಲೆಷ್ಟು? ಚರಕನು ಬೀಜಸ್ವಭಾವವೆಂದುದು ಇಲ್ಲಿ ಪುನಃ ನೆನಪಿಗೆ ಬರುವುದು. ಪಸೇನದಿಯಾದರೂ ತನ್ನ ಮನಸ್ಸನ್ನು ಅಷ್ಟಾಗಿ ನಂಬಿರಲಿಲ್ಲ. ನೂರು ಕಹಾಪಣದ ಸಂಬಳಕ್ಕೆ ಹುಡುಗನೊಬ್ಬನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡಿದ್ದನು.