ಮಾಡ್ಯುಲರ್ ಯುದ್ಧನೌಕೆಗಳ ಜೀವಿತಾವಧಿ ವೆಚ್ಚ

ಯುದ್ಧನೌಕೆಯೊಂದರ ವಿನ್ಯಾಸ, ನಿರ್ಮಾಣ, ಸಿಬ್ಬಂದಿ, ಇಂಧನ, ದುರಸ್ತಿ, ಆಧುನೀಕರಣ ಹಾಗೂ ಅಂತಿಮ ವಿಲೇವಾರಿಗೆ ತಗಲುವ ಒಟ್ಟು ಖರ್ಚನ್ನು ಜೀವಿತಾವಧಿ ವೆಚ್ಚ ಎನ್ನುತ್ತಾರೆ. ಶಸ್ತ್ರಾಸ್ತ್ರ ಮತ್ತಿತರ ಉಪಕರಣಗಳನ್ನು ನೌಕೆಯಲ್ಲಿ ಶಾಶ್ವತವಾಗಿ ಅಳವಡಿಸದೆ, ಕಳಚಿ ಜೋಡಿಸಬಲ್ಲ ಏಕರೂಪದ ಘಟಕಗಳಾಗಿ (ಮಾಡ್ಯೂಲ್) ರೂಪಿಸುವ ಮಾಡ್ಯುಲರ್ ವಿನ್ಯಾಸದ ಮುಖ್ಯ ಉದ್ದೇಶಗಳಲ್ಲಿ ಈ ವೆಚ್ಚವನ್ನು ತಗ್ಗಿಸುವುದೂ ಒಂದು.

== ಹಿನ್ನೆಲೆ ==
ನೌಕೆಯ ಒಡಲು ಹಲವು ದಶಕಗಳ ಕಾಲ ಬಾಳುತ್ತದೆ. ಅದರಲ್ಲಿರುವ ರೇಡಾರ್, ಗಣಕಯಂತ್ರ, ಕ್ಷಿಪಣಿ ವ್ಯವಸ್ಥೆಗಳು ಅದಕ್ಕಿಂತ ಬಹಳ ಮೊದಲೇ ಹಳತಾಗುತ್ತವೆ. ಸಾಂಪ್ರದಾಯಿಕ ನೌಕೆಗಳಲ್ಲಿ ಇವುಗಳನ್ನು ಬದಲಿಸಲು ಉಕ್ಕಿನ ಹಾಸನ್ನು ಕತ್ತರಿಸಿ, ತಂತಿಜಾಲವನ್ನು ಹೊಸದಾಗಿ ಎಳೆಯಬೇಕಾಗುತ್ತದೆ. ಅಷ್ಟು ಕಾಲವೂ ನೌಕೆ ಸೇವೆಗೆ ಒದಗುವುದಿಲ್ಲ. ಈ ಸಮಸ್ಯೆಗೆ ಪರಿಹಾರವಾಗಿ ಜರ್ಮನಿಯ ಬ್ಲೋಮ್ ಉಂಡ್ ಫಾಸ್ ಸಂಸ್ಥೆಯು 'ಮೆಕೊ' ವಿನ್ಯಾಸವನ್ನು ರೂಪಿಸಿತು. ಅದರ ಮೊದಲ ನೌಕೆಯಾದ 'ಅರಾಡು' 1982ರಲ್ಲಿ ನೈಜೀರಿಯಾದ ನೌಕಾಪಡೆಯನ್ನು ಸೇರಿತು.

== ಡೆನ್ಮಾರ್ಕ್‌ನ ಪ್ರಯೋಗ ==
ಡೆನ್ಮಾರ್ಕ್ 1980ರ ದಶಕದಲ್ಲಿ 'ಸ್ಟಾನ್‌ಫ್ಲೆಕ್ಸ್' ಪದ್ಧತಿಯನ್ನು ಅಭಿವೃದ್ಧಿಪಡಿಸಿತು. ಫ್ಲೂವೆಫಿಸ್ಕೆನ್ ವರ್ಗದ ಪ್ರತಿ ನೌಕೆಯಲ್ಲಿಯೂ ನಾಲ್ಕು ಮಾಡ್ಯೂಲ್ ಸ್ಥಾನಗಳಿದ್ದವು. ದಡದ ಕ್ರೇನ್ ಬಳಸಿ ಸುಮಾರು ಅರ್ಧ ಗಂಟೆಯಲ್ಲಿ ಮಾಡ್ಯೂಲನ್ನು ಬದಲಿಸಬಹುದಾಗಿತ್ತು. ಗಸ್ತು, ಕ್ಷಿಪಣಿ ದಾಳಿ, ಸಿಡಿಗುಂಡು ನಿವಾರಣೆ ಮುಂತಾದ ಕಾರ್ಯಗಳಿಗೆ ಒಂದೇ ಬಗೆಯ ಒಡಲು ಸಾಕಾದುದರಿಂದ, ಮೂರು ವರ್ಗಗಳ 22 ಹಳೆಯ ನೌಕೆಗಳ ಜಾಗವನ್ನು 14 ನೌಕೆಗಳು ತುಂಬಿದವು. ಮುಂದೆ ಆಬ್ಸಲೊನ್ ಮತ್ತು ಈವರ್ ಹ್ಯುಯಿಟ್‌ಫೆಲ್ಟ್ ವರ್ಗದ ದೊಡ್ಡ ನೌಕೆಗಳಿಗೂ ಇದೇ ಪದ್ಧತಿಯನ್ನು ಅಳವಡಿಸಿ, ಹಳೆಯ ನೌಕೆಗಳ ಶಸ್ತ್ರಗಳನ್ನು ಮರುಬಳಸಲಾಯಿತು.

== ಅಮೆರಿಕದ ಅನುಭವ ==
ಅಮೆರಿಕದ ಕರಾವಳಿ ಸಮರ ನೌಕೆ (ಎಲ್‌ಸಿಎಸ್) ಯೋಜನೆಯು ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ. ಇಲ್ಲಿ ನೌಕೆಗಳು ಮೊದಲು ಸಿದ್ಧವಾದವು. ಅವುಗಳ ಮಾಡ್ಯೂಲ್‌ಗಳು ಅನೇಕ ವರ್ಷ ತಡವಾದವು. ಮೂಲತಃ 40 ಮಂದಿಗೆ ಸೀಮಿತವಾಗಿದ್ದ ಪ್ರಧಾನ ಸಿಬ್ಬಂದಿಯ ಸಂಖ್ಯೆಯನ್ನು ಹೆಚ್ಚಿಸಬೇಕಾಯಿತು. ನೌಕೆಯೊಂದಕ್ಕೆ ಒಂದೇ ಕಾರ್ಯವನ್ನು ನಿಗದಿಪಡಿಸಲು 2016ರಲ್ಲಿ ನಿರ್ಧರಿಸಿದಾಗ, ಮಾಡ್ಯೂಲ್ ಬದಲಾವಣೆಯ ಮೂಲ ಆಶಯವೇ ಬಹುಮಟ್ಟಿಗೆ ಕೈಬಿಟ್ಟಂತಾಯಿತು. ಜಲಾಂತರ್ಗಾಮಿ ನಿರೋಧಕ ಮಾಡ್ಯೂಲನ್ನು ಅನಂತರ ರದ್ದುಪಡಿಸಲಾಯಿತು. 25 ವರ್ಷಗಳ ಸೇವೆಗೆಂದು ನಿರ್ಮಿಸಿದ ಈ ನೌಕೆಗಳ ಪೈಕಿ 2018ರಲ್ಲಿ ಸೇವೆಗೆ ಸೇರಿದ 'ಸೂ ಸಿಟಿ'ಯನ್ನು 2023ರಲ್ಲೇ ನಿವೃತ್ತಿಗೊಳಿಸಲಾಯಿತು. ಈ ವರ್ಗದ ಚಾಲನಾ ಯಂತ್ರದ ಗೇರ್ ದೋಷಗಳೂ ವೆಚ್ಚವನ್ನು ಏರಿಸಿದ್ದವಾದ್ದರಿಂದ, ವೈಫಲ್ಯಕ್ಕೆ ಮಾಡ್ಯುಲರ್ ತತ್ತ್ವವೊಂದೇ ಕಾರಣವೆನ್ನಲಾಗದು.

== ವೆಚ್ಚದ ಮೇಲಿನ ಪರಿಣಾಮ ==
ಮಾಡ್ಯುಲರ್ ವಿನ್ಯಾಸದಿಂದ ಕೆಲವು ಖರ್ಚುಗಳು ಇಳಿದರೆ, ಕೆಲವು ಏರುತ್ತವೆ:
* '''ಉಳಿತಾಯ:''' ಶಸ್ತ್ರದ ದುರಸ್ತಿ ದಡದಲ್ಲಿ ನಡೆಯುವಾಗ ನೌಕೆ ಬೇರೊಂದು ಮಾಡ್ಯೂಲ್‌ನೊಡನೆ ಸಮುದ್ರಕ್ಕಿಳಿಯಬಹುದು. ಆಧುನೀಕರಣದ ಅವಧಿ ತಗ್ಗುತ್ತದೆ.
* '''ಹೆಚ್ಚುವರಿ ಹೊರೆ:''' ಒಡಲಿನಲ್ಲಿ ಹೆಚ್ಚಿನ ಸ್ಥಳ ಮತ್ತು ತೂಕವನ್ನು ಕಾದಿರಿಸಬೇಕು. ಮಾಡ್ಯೂಲ್‌ಗಳಿಗೆ ಉಗ್ರಾಣ, ತಂತ್ರಜ್ಞರು ಹಾಗೂ ತರಬೇತಿ ಅಗತ್ಯ.

ಒಂದೇ ಜೋಡಣಾ ಮಾನಕವನ್ನು ಹಲವು ನೌಕೆಗಳು ದೀರ್ಘಕಾಲ ಹಂಚಿಕೊಂಡಾಗ ಮಾತ್ರ ಆರಂಭಿಕ ಹೂಡಿಕೆ ಮರಳುತ್ತದೆ ಎಂಬುದನ್ನು ಈ ಎರಡು ದೇಶಗಳ ಅನುಭವ ಸೂಚಿಸುತ್ತದೆ.